ಕೊಲಂಬೊಗೆ ಟೀಚರನ್ನು ಕರೆತರಲು ಹೋದದ್ದು

ಮೊದಲು ಸಂತೋಷದ ಸುದ್ದಿ, ಉಳಿದದ್ದೆಲ್ಲ ಆಮೇಲೆ. ನನ್ನ ಮೊಮ್ಮಗಳು ಗುಲಾಬಿ ಬಿ.ಇಡಿ. ಪಾಸಾದಳು! ಮೊದಲ ದರ್ಜೆಯಲ್ಲಿ ಪಾಸಾದಳು! ತಂತಿ ಬಂದಾಗ ನಾನು ಇಲ್ಲಿ ಕೊಲಂಬೊದ ನನ್ನ ಚಾ ಅಂಗಡಿಯ ಹಿಂದೆ ಆಪ್ಪದ, ಅಂದರೆ ಇಲ್ಲಿನ ಅಕ್ಕಿ ದೋಸೆಯ, ಹಿಟ್ಟು ಕಲಸುತ್ತಿದ್ದೆ. ಕೈ ತೊಳೆಯುವುದನ್ನೂ ಮರೆತು ಬೀದಿಗೆ ಬಂದೆ. ಕನ್ನಡದವರಿಗೆ ಕನ್ನಡದಲ್ಲಿ, ತಮಿಳರಿಗೆ ತಮಿಳಿನಲ್ಲಿ, ಬಂದರಿನ ಬಾಗಿಲಲ್ಲಿ ನಿಲ್ಲುವ ಪೊಲೀಸಿನವನಿಗೆ ನನ್ನ ಅರ್ಧಂಬರ್ಧ ಸಿಂಹಳದಲ್ಲಿ ಹೇಳಿದೆ. ಅವನು ನನ್ನ ಹಿಟ್ಟಿನ ಕೈಯನ್ನೂ ನರೆತ ತಲೆಯನ್ನೂ ನೋಡಿ ಒಂದು ಸೆಲ್ಯೂಟು ಹೊಡೆದ. ನಮ್ಮ ಕುಟುಂಬದಲ್ಲಿ ಹೆಸರು ಬರೆಯಲು ಕಲಿತ ಮೊದಲಿಗ ನಾನು. ನನ್ನ ಓದು ಮೂರನೆಯ ಕ್ಲಾಸಿಗೆ ನಿಂತಿತು. ನನ್ನ ಮಗಳದ್ದು ಐದಕ್ಕೆ. ಮೊಮ್ಮಗಳು ಈಗ ಟೀಚರುಗಳು ಕಲಿಯುವ ಕಾಲೇಜನ್ನೇ ಕಲಿತು ಮುಗಿಸಿದಳು.

ಎರಡನೆಯ ಸುದ್ದಿ ನಿಮಗೆ ಆಗಲೇ ಗೊತ್ತು. ಅವಳು ಇಲ್ಲಿಗೆ ಬರುವುದಿಲ್ಲ.

ನೀವೇ ನನ್ನನ್ನು ಕಳಿಸಿದವರು. ನಮ್ಮ ಮಕ್ಕಳು ತಮಿಳು ಮಾತಾಡುತ್ತಾರೆ, ಸಿಂಹಳ ಬರೆಯುತ್ತಾರೆ, ಕನ್ನಡದಲ್ಲಿ ಬೈದರೆ ಮಾತ್ರ ಅರ್ಥ ಮಾಡಿಕೊಳ್ಳುತ್ತಾರೆ, ಅವರಿಗೆ ಒಬ್ಬ ಟೀಚರು ಬೇಕು ಎಂದು ಇಲ್ಲಿನ ನಮ್ಮ ಕನ್ನಡ ಸಂಘದ ಸಭೆಯಲ್ಲಿ ಮಾತು ಬಂದಾಗ ಎದ್ದು ನಿಂತವನು ನಾನು. "ನನ್ನ ಮೊಮ್ಮಗಳು ಅದನ್ನೇ ಓದುತ್ತಿದ್ದಾಳೆ, ಕರೆತರುತ್ತೇನೆ, ಅಂಗಡಿಯ ಮೇಲಿನ ಕೋಣೆಯನ್ನೂ ಬಿಟ್ಟುಕೊಡುತ್ತೇನೆ" ಎಂದೆ. ನೀವು ಚಪ್ಪಾಳೆ ತಟ್ಟಿದಿರಿ. ಹೋದೆ, ಒಬ್ಬನೇ ಬಂದೆ. ಬಂದಂದಿನಿಂದ ಚಾ ಕುಡಿಯಲು ಬಂದವರೆಲ್ಲ "ಏನಾಯಿತು?" ಎನ್ನುತ್ತೀರಿ, ನಾನು ಒಬ್ಬೊಬ್ಬರಿಗೆ ಒಂದೊಂದು ತುಂಡು ಹೇಳುತ್ತೇನೆ. ಇಡಿಯಾಗಿ ಬರೆದುಕೊಟ್ಟರೆ ವಾರ್ಷಿಕ ಸಂಚಿಕೆಗೆ ಹಾಕುವುದಾಗಿ ಕಾರ್ಯದರ್ಶಿಗಳು ಹೇಳಿದ್ದಾರೆ. ಕಾಗುಣಿತ ಅವರು ತಿದ್ದಲಿ. ಉಳಿದದ್ದನ್ನು ತಿದ್ದಲು ಆಗುವುದಿಲ್ಲ.

ತಲೈಮನ್ನಾರ್

ಹೊರಡುವ ದಿನ ನಿಮ್ಮ ಮಕ್ಕಳು ನನಗೊಂದು ಪೆಟ್ಟಿಗೆ ಕೊಟ್ಟಿದ್ದರು. ಬಣ್ಣದ ಸೀಮೆಸುಣ್ಣ. ಬರುವ ಟೀಚರಿಗೆ. ತಲೈಮನ್ನಾರಿನಲ್ಲಿ ಭಾರತಕ್ಕೆ ಹೋಗುವ ಹಡಗು ಹತ್ತುವ ಮೊದಲು ಸುಂಕದವನು ನನ್ನ ಗಂಟು ಬಿಚ್ಚಿಸಿದ. ಚಾಪುಡಿ ನೋಡಿದ, ದಾಲ್ಚಿನ್ನಿ ಮೂಸಿದ, ಸೀಮೆಸುಣ್ಣದ ಪೆಟ್ಟಿಗೆಯನ್ನು ಮಾತ್ರ ಏನೋ ಗುಟ್ಟಿನ ಸರಕು ಎಂಬಂತೆ ಅಲ್ಲಾಡಿಸಿದ. ಮುಚ್ಚಳ ಹಾರಿ ಬಣ್ಣದ ಪುಡಿಯೆಲ್ಲ ಅವನ ಬಿಳಿ ಅಂಗಿಯ ಮೇಲೆ.

"ಈ ವಯಸ್ಸಿನಲ್ಲಿ ಯಾವ ಶಾಲೆಗೆ ಹೊರಟೆ, ತಾತಾ?" ಎಂದು ತಮಿಳಿನಲ್ಲಿ ಕೇಳಿದ. ಸಿಟ್ಟು ಬಂದಿತ್ತು, ಪಾಪ. "ಶಾಲೆಯನ್ನೇ ತರಲು ಹೊರಟೆ" ಎಂದೆ. ಆ ದಿನ ನನ್ನ ಬಾಯಿಗೆ ಅಷ್ಟು ಧೈರ್ಯವಿತ್ತು.

ಪರವಾನಗಿಯ ಗಡುವಿನೊಳಗೆ ಹಿಂತಿರುಗದಿದ್ದರೆ ಮತ್ತೆ ಇಲ್ಲಿಗೆ ಕಾಲಿಡುವಂತಿಲ್ಲ ಎಂದು ಅವನೇ ಬೆರಳು ತೋರಿಸಿ ಎಚ್ಚರಿಸಿದ. ಹುಟ್ಟಿದ ಊರಿಗೆ ಹೋಗಿ ಇಷ್ಟೇ ದಿನ ಇರಬೇಕೆಂದು ಇನ್ನೊಂದು ದೇಶದವನು ಹೇಳಬೇಕು! ಹಂಗಾರಕಟ್ಟೆ ಬಂದರಿನಿಂದ ಹಂಚು ತುಂಬಿದ ಮಂಜಿ ಹಡಗಿನಲ್ಲಿ ಅಡುಗೆಯವನಾಗಿ ಬಂದಾಗ ನನ್ನನ್ನು ಯಾರೂ ಏನೂ ಕೇಳಿರಲಿಲ್ಲ. ಹಂಚು ಇಳಿಯಿತು, ನಾನೂ ಇಳಿದೆ. ಅಷ್ಟೇ.

ಬೈಂದೂರು

ಬೈಂದೂರು ನಾನು ಹೋಗಬೇಕಾಗಿದ್ದ ಊರೇ ಅಲ್ಲ. ನನಗೆ ಹೋಗಬೇಕಾದದ್ದು ತಲ್ಲೂರಿಗೆ, ಮಗಳ ಮನೆಗೆ. ಕುಂದಾಪುರ ದಾಟಿ ಹೊಳೆ, ಹೊಳೆಯ ಆಚೆ ತಲ್ಲೂರು. ನನ್ನ ಕಾಲದಲ್ಲಿ ಬಸ್ಸು ಹೊಳೆಯ ದಡದಲ್ಲಿ ನಿಲ್ಲುತ್ತಿತ್ತು. ಜನ ಇಳಿದು, ಗಂಟು ಹೊತ್ತು, ದೋಣಿ ದಾಟಿ, ಆಚೆ ದಡದಲ್ಲಿ ಬೇರೆ ಬಸ್ಸು ಹಿಡಿಯಬೇಕಿತ್ತು. ಮಂಗಳೂರಿನಲ್ಲಿ ಬಸ್ಸು ಹತ್ತುವಾಗಲೇ ಲೆಕ್ಕ ಹಾಕಿಕೊಂಡಿದ್ದೆ, ದೋಣಿಗೆ ಇಳಿಸುತ್ತಾರಲ್ಲ, ಅಲ್ಲಿ ಎಚ್ಚರವಾದರೆ ಸಾಕು ಎಂದು.

ಕತ್ತಲಾಗುತ್ತ ಬಂದಿತ್ತು. ತೂಕಡಿಕೆಯಲ್ಲಿ "ತಲ್ಲೂರ್, ತಲ್ಲೂರ್" ಎಂದು ಕೂಗಿದ್ದು ಕೇಳಿಸಿತು. ಹೊಳೆಯೇ ಬಂದಿಲ್ಲ, ತಲ್ಲೂರು ಎಲ್ಲಿಂದ ಬಂತು, ಯಾರೋ ತಿಳಿಯದವರು ಕೂಗುತ್ತಿದ್ದಾರೆ ಎಂದುಕೊಂಡು ಕೂತೇ ಇದ್ದೆ. ಬಸ್ಸು ಪೂರಾ ಖಾಲಿಯಾದ ಮೇಲೆ ಕಂಡಕ್ಟರು ಬಂದ.

"ಅಜ್ಜ, ನಿಮ್ಗ್ ಎಲ್ಲಿಗ್ ಹೋಯ್ಕ್?"

"ತಲ್ಲೂರಿಗೆ."

"ತಲ್ಲೂರಾ! ನಾ ಗಂಟ್ಲ್ ಹರ್ಕಂಡ್ ಕೂಗಿದ್ ಕೇಣ್ಲಿಲ್ಯಾ? ಇದ್ ಬೈಂದೂರ್!"

"ಹೊಳಿ ಬಪ್ಪುಕೆ ಮೊದ್ಲ್ ತಲ್ಲೂರ್ ಹ್ಯಾಂಗ್ ಬತ್ತ್ ಮಾರಾಯ?"

"ಹೊಳಿ ಅಡಿಯಂಗೆ ಹೋಯ್ತ್ ಅಜ್ಜ! ಸಂಕ ಆಯಿ ಯಾವ್ ಕಾಲ ಆಯ್ತ್! ನೀವ್ ಯಾವ್ ಲೋಕದಂಗ್ ಇದ್ರಿ?"

ಸಂಕ ಎಂದರೆ ಸೇತುವೆ. ನಿಮ್ಮಲ್ಲಿ ಇಲ್ಲೇ ಹುಟ್ಟಿದವರಿಗಾಗಿ ಹೇಳಿದೆ. ಸೇತುವೆ ಆಗಿದೆ ಎಂದು ಮಗಳು ಕಾಗದದಲ್ಲಿ ಬರೆದಿದ್ದಳು, ನಾನೂ ಓದಿದ್ದೆ. ಆದರೆ ಮನಸ್ಸಿನೊಳಗಿನ ಹೊಳೆಗೆ ಯಾರೂ ಸೇತುವೆ ಕಟ್ಟಿರಲಿಲ್ಲ.

ಹಿಂದಕ್ಕೆ ಹೋಗುವ ಬಸ್ಸಿಗೆ ಇನ್ನೂ ಹೊತ್ತಿತ್ತು. ಎದುರಿನ ಚಾ ಅಂಗಡಿಯಲ್ಲಿ ಕೂತೆ. ಚಾ ಹಾಲಿನಲ್ಲಿ ಮುಳುಗಿ ಸತ್ತಿತ್ತು. "ಹ್ಯಾಂಗಿತ್ತ್ ಚಾ?" ಎಂದು ಅಂಗಡಿಯವನು ಕೇಳಿದಾಗ, ನಾನೂ ಅದೇ ಕಸುಬಿನವನು ಎಂಬುದನ್ನು ನುಂಗಿಕೊಂಡು "ಲಾಯ್ಕಿತ್ತ್" ಎಂದೆ. ಇಷ್ಟಕ್ಕೆ ಬಿಡುವವರೇ ನಮ್ಮೂರ ಜನ? ನಮ್ಮ ಕೊಲಂಬೊದಲ್ಲಿ ದಿನಾ ಬರುವ ಗಿರಾಕಿಯ ಹೆಸರೂ ನನಗೆ ಗೊತ್ತಿಲ್ಲ, ನನ್ನದು ಅವನಿಗೆ ಗೊತ್ತಿಲ್ಲ. ಊರಿನಲ್ಲಿ ಲೋಟ ಕೆಳಗಿಡುವುದರೊಳಗೆ ಜಾತಕ ಹೊರಗೆ ಬರುತ್ತದೆ.

"ಎಲ್ಲಾಯ್ತ್ ನಿಮ್ಗೆ? ಯಾರ್ ಮನಿ ಪೈಕಿ?"

ತಲ್ಲೂರಿನ ಶೀನನ ಮಾವ, ಕೊಲಂಬೊದಿಂದ ಬಂದೆ, ಎಂದೆ.

"ಹಾಂಗಾರೆ ಗುಲಾಬಿ ಟೀಚರಿನ ಅಜ್ಜಯ್ಯನಾ! ಮೊದ್ಲೇ ಹೇಳುಕಾಗ್ದಾ? ಕೂಕಣಿ, ಕೂಕಣಿ. ಆ ಚಾ ಬಿಡಿ, ಬೇರೆ ಮಾಡ್ತೆ."

ಬಿ.ಇಡಿ. ಓದುವವರು ಕಾಲೇಜಿನಲ್ಲಿ ಕೂತು ಓದಿದರೆ ಮುಗಿಯುವುದಿಲ್ಲವಂತೆ. ಕೆಲವು ವಾರ ನಿಜವಾದ ಶಾಲೆಗೆ ಹೋಗಿ ನಿಜವಾದ ಮಕ್ಕಳಿಗೆ ಪಾಠ ಮಾಡಬೇಕು. ಗುಲಾಬಿಯನ್ನು ಬೈಂದೂರಿಗೆ ಹಾಕಿದ್ದರು. ಚಾ ಅಂಗಡಿಯವನ ಮಗಳು ಅವಳ ಕ್ಲಾಸಿನಲ್ಲಿದ್ದಳು.

"ನಮ್ ಹೆಣ್ಣ್ ಇಸ್ಕೂಲಂದ್ರೆ ಮರ್ಕುದಿತ್ತ್," ಎಂದ ಅವನು, ಹೊಸ ಚಾ ಎತ್ತಿ ಹೊಯ್ಯುತ್ತ. ಮರ್ಕುವುದು ಎಂದರೆ ಅಳುವುದು. "ಆ ಟೀಚರ್ ಬಂದ್ ಮೇಲೆ ರಜಿ ದಿನವೂ ಹೊರ್ಟ್ ನಿಂತಿತ್ತ್, ಕಾಣಿ! ಪಾಸಾದ್ ಮೇಲೆ ಇಲ್ಲಿಗೇ ಬಪ್ಪುಕೆ ನೀವೂ ಒಂದ್ ಮಾತ್ ಹೇಳಿ. ಅಜ್ಜಯ್ಯ ಹೇಳಿದ್ರೆ ಇಲ್ಲೆ ಅಂಬುದಿಲ್ಲೆ ಅದ್."

ನಾನು ಚಾ ಕುಡಿದೆ. ಅದು ನಿಜಕ್ಕೂ ಚೆನ್ನಾಗಿತ್ತು. ನಾನು ಬಂದದ್ದು ಯಾತಕ್ಕೆಂದು ಹೇಳಲಿಲ್ಲ.

ತಲ್ಲೂರು

"ಅಪ್ಪಯ್ಯ, ಬೈಂದೂರಿಗೆ ಎಂತಕ್ ಹೋದ್ರಿ? ಈ ಪ್ರಾಯದಂಗೆ ಹೆಣ್ಣ್ ಕಾಂಬುಕಾ?" ಇದು ನನ್ನ ಮಗಳು ಚಂದು, ಅಂಗಳದಲ್ಲಿ ನನ್ನನ್ನು ಕಂಡ ಕೂಡಲೇ ಆಡಿದ ಮೊದಲ ಮಾತು. ಬಸ್ಸಿನವರ ಬಾಯಿಂದ ಸುದ್ದಿ ನನಗಿಂತ ಮೊದಲೇ ಮನೆ ಮುಟ್ಟಿತ್ತು. ಆಡಿ, ಸೆರಗಿನಲ್ಲಿ ಮುಖ ಮುಚ್ಚಿ ಅತ್ತಳು. ಅಳಿಯ ಶೀನ ನನ್ನ ಗಂಟು ಇಳಿಸಿಕೊಂಡ. ಗುಲಾಬಿ ಕಾಲು ಮುಟ್ಟಿದಳು. ನಾನು ಬಿಟ್ಟುಹೋದಾಗ ಅಂಗಳದಲ್ಲಿ ಕೋಳಿಮರಿ ಅಟ್ಟುತ್ತಿದ್ದ ಮಗು. ಈಗ ಅವಳ ಬೆರಳಿನ ತುದಿಯಲ್ಲಿ ಸೀಮೆಸುಣ್ಣದ ಪುಡಿ.

ಅವಳನ್ನು ಓದಿಸಿದ್ದು ನನ್ನ ಹೆಂಡತಿ. "ಇದ್ ಟೀಚರ್ ಆಯ್ಕ್" ಎಂದು ಹಟ ಹಿಡಿದವಳು. ಅವಳು ತೀರಿಹೋದ ಸುದ್ದಿ ನನ್ನ ಕೈಗೆ ಸಿಗುವಾಗ ಬೂದಿ ಹೊಳೆಗೆ ಬಿಟ್ಟಾಗಿತ್ತು. ಈ ಸಲ ಬಂದವನು ಅವಳು ಕೂರುತ್ತಿದ್ದ ಜಗಲಿಯ ಮೂಲೆಯಲ್ಲಿ ಕೂತೆ. ಯಾರೂ ಬೇಡ ಎನ್ನಲಿಲ್ಲ.

ಆ ಮೂಲೆಯಿಂದಲೇ ನಾನು ಟೀಚರಾಗುವವರು ಏನೇನು ಕಲಿಯುತ್ತಾರೆ ಎಂಬುದನ್ನು ನೋಡಿದ್ದು. ಓದಲು ಬರೆಯಲು ಬಂದರೆ ಸಾಕು, ಒಂದು ಬೆತ್ತ ಕೊಟ್ಟು ಕಳಿಸುತ್ತಾರೆ ಎಂದುಕೊಂಡಿದ್ದೆ. ನನಗೆ ಕಲಿಸಿದ ಮಾಷ್ಟ್ರಿಗೆ ಅಷ್ಟೇ ಇತ್ತು. ಈಗ ಹಾಗಲ್ಲ. ಗುಲಾಬಿಗೆ ಮನಶ್ಶಾಸ್ತ್ರ ಇದೆ: ಮಗು ಯಾಕೆ ಮರೆಯುತ್ತದೆ, ಯಾಕೆ ಹಟ ಮಾಡುತ್ತದೆ, ಮೂಲೆಯಲ್ಲಿ ಸುಮ್ಮನೆ ಕೂರುವ ಮಗುವಿನ ಒಳಗೆ ಏನು ನಡೆಯುತ್ತಿರುತ್ತದೆ. ಶಾಲೆಯ ಕಟ್ಟಡದ ಪಾಠವೇ ಬೇರೆ ಇದೆ. ಬೆಳಕು ಮಕ್ಕಳ ಎಡಗಡೆಯಿಂದ ಬರಬೇಕು; ಇಲ್ಲದಿದ್ದರೆ ಬರೆಯುವ ಕೈಯ ನೆರಳೇ ಅಕ್ಷರದ ಮೇಲೆ ಬೀಳುತ್ತದೆ. ಇದನ್ನು ಯಾರು ಕಂಡಿದ್ದರು, ಹೇಳಿ!

ಪಾಠ ಮಾಡುವ ಮೊದಲು ಪಾಠದ ಟಿಪ್ಪಣಿ ಬರೆಯಬೇಕು. ಒಂದು ಬದಿಗೆ ಟೀಚರು ಏನು ಮಾಡುತ್ತಾಳೆ, ಇನ್ನೊಂದು ಬದಿಗೆ ಮಕ್ಕಳು ಏನು ಮಾಡುತ್ತಾರೆ.

"ಮಕ್ಳ್ ಎಂತ ಮಾಡ್ತೋ ಅಂತ ಮೊದ್ಲೇ ಹ್ಯಾಂಗ್ ಬರೀತ್ಯೆ ಮಗಾ?" ಎಂದು ಕೇಳಿದೆ. "ಅವ್ ನಿನ್ ಪುಸ್ತಕ ಓದ್ಕಂಡ್ ಬತ್ತ್ವಾ?"

"ಅದೇ ಕಷ್ಟ ಅಜ್ಜಯ್ಯ," ಎಂದು ನಕ್ಕಳು. "ಅದ್ಕೇ ಅಲ್ದಾ ವರ್ಷ ಇಡೀ ಕಲ್ಸುದ್."

ಹಿತ್ತಿಲ ಬಾಗಿಲಿಗೆ ತೆಂಗಿನ ಚಿಪ್ಪಿನ ಮಸಿ ಬಳಿದು ಹಲಗೆ ಮಾಡಿಕೊಂಡಿದ್ದಳು. ಸಂಜೆ ಅದರ ಪಕ್ಕದಲ್ಲಿ ನಿಂತು, ಬೆನ್ನು ತೋರಿಸದೆ, ಗೆರೆ ಓರೆಯಾಗದಂತೆ ಬರೆಯುವುದನ್ನು ಕಲಿಯುವಳು. ನಾವು ಮೂವರು ಮೆಟ್ಟಿಲ ಮೇಲೆ ಕೂತು ಮಕ್ಕಳಾಗುವೆವು. ಚಂದು ತುಂಟ ಹುಡುಗಿ. ಶೀನ ನಿದ್ದೆ ಮಾಡುವ ಹುಡುಗ, ಅವನಿಗೆ ಆ ಪಾತ್ರ ಕಷ್ಟವೇನೂ ಆಗಲಿಲ್ಲ. ನಾನು ಎಲ್ಲದಕ್ಕೂ ಮೊದಲೇ ಉತ್ತರ ಕೊಡುವವನು.

"ಅಜ್ಜಯ್ಯ, ನಿಮ್ಗ್ ಒಂದ್ ಕಲ್ಸಿ ಕೊಡ್ತೆ, ಕೇಣಿ," ಎಂದಳು ಒಂದು ದಿನ. "ಮೊದ್ಲ್ ಪ್ರಶ್ನೆ ಕೇಣ್ಕ್. ಮತ್ತೆ ಸುಮ್ನ್ ನಿಲ್ಕ್. ಎಲ್ರೂ ಯೋಚ್ನಿ ಮಾಡುಕೆ ಹೊತ್ತ್ ಕೊಡ್ಕ್. ಕಡಿಗೆ ಒಬ್ರ್ ಹೆಸ್ರ್ ಹೇಳ್ಕ್. ಹೆಸ್ರ್ ಮೊದ್ಲೇ ಹೇಳ್ರೆ ಉಳ್ದ್ ಮಕ್ಳ್ ಯೋಚ್ನಿ ಬಿಟ್ಟ್ ಆರಾಮ್ ಕೂಕಂತೊ. ಹೆಸ್ರ್ ಬಿದ್ದ್ ಮಗಿಗೆ ಮಾತ್ರ ತಪ್ಸ್ಕಂಬುಕೆ ಇಲ್ಲೆ."

ಪ್ರಶ್ನೆ, ಹೊತ್ತು, ಹೆಸರು. ಮೂರೇ ಮಾತು. ನಡುವಿನದ್ದು ನನಗೆ ಬರಲೇ ಇಲ್ಲ. ಚಾ ಅಂಗಡಿಯವನು ಗಿರಾಕಿಯನ್ನು ಏನು ಬೇಕೆಂದು ಕೇಳಿ ಸುಮ್ಮನೆ ನಿಂತರೆ ಗಿರಾಕಿ ಪಕ್ಕದ ಅಂಗಡಿಗೆ ಹೋಗುತ್ತಾನೆ.

ಸೀಮೆಸುಣ್ಣದ ಪೆಟ್ಟಿಗೆ ಕೊಟ್ಟೆ. ಅಲ್ಲಿನ ಮಕ್ಕಳು ಕಳಿಸಿದ್ದು ಎಂದೆ, ಯಾತಕ್ಕೆ ಎಂದು ಹೇಳಲಿಲ್ಲ. ಅವಳು ಪ್ರತಿಯೊಂದು ಬಣ್ಣವನ್ನೂ ಹೊರತೆಗೆದು ನೋಡಿದಳು. ಪರೀಕ್ಷೆಯ ಪಾಠ ಮುಗಿಯಲಿ, ಆಮೇಲೆ ಕೇಳುವ, ಎಂದು ದಿನ ದೂಡಿದೆ. ಮಗಳ ಬಳಿಯೂ ಬಾಯಿ ಬಿಡಲಿಲ್ಲ. ದಿನ ದೂಡಿದ್ದರಿಂದ ಗಡುವು ಹತ್ತಿರ ಬಂತು, ಅಷ್ಟೇ ಲಾಭ. ಪಾಠದ ಮರುದಿನ ಬೆಳಿಗ್ಗೆ ನಾನು ಹೊರಡಲೇಬೇಕಿತ್ತು.

ಬ್ರಹ್ಮಾವರ

ಪರೀಕ್ಷೆಯ ಪಾಠ ಬ್ರಹ್ಮಾವರದ ಕಡೆಯ ಒಂದು ಹೈಸ್ಕೂಲಿನಲ್ಲಿ. ಹೊರಗಿನಿಂದ ಬಂದ ಪರೀಕ್ಷಕರು ಹಿಂದೆ ಕೂತು ನೋಡುತ್ತಾರೆ. ಗೊತ್ತಿಲ್ಲದ ಮಕ್ಕಳು, ಗೊತ್ತಿಲ್ಲದ ಕೋಣೆ. ಬಸ್ಸಿನಲ್ಲಿ ಅವಳ ದೊಡ್ಡ ಚಿತ್ರದ ಸುರುಳಿಯನ್ನು ಗಾಳಿಗೆ ಹಾರದಂತೆ ನಾನು ಮಗುವಿನ ಹಾಗೆ ತಬ್ಬಿಕೊಂಡು ಕೂತಿದ್ದೆ. ಎರಡು ಹೊಳೆ ದಾಟಿದೆವು. ನಾನು ತಲೆ ಎತ್ತಲಿಲ್ಲ.

ಒಳಗೆ ಕೂರಲು ನನಗೆ ಅಪ್ಪಣೆ ಇರಲಿಲ್ಲ. ಹೆಡ್‌ಮಾಸ್ಟರು ಒಳ್ಳೆಯವರು. "ಕೊಲಂಬೊದಿಂದ ಬಂದ ಅಜ್ಜ, ಹೊರಗೆ ಕೂತು ಕೇಳಲಿ" ಎಂದು ಜಗಲಿಯಲ್ಲಿ ಕಿಟಕಿಯ ಪಕ್ಕ ಕುರ್ಚಿ ಹಾಕಿಸಿದರು. ಕಿಟಕಿ ಮಕ್ಕಳ ಎಡಗಡೆಗಿತ್ತು. ಅದನ್ನು ನೋಡಿ, ಇದು ಸರಿಯಾದ ಶಾಲೆ ಎಂದು ನನ್ನಷ್ಟಕ್ಕೆ ತೀರ್ಮಾನ ಮಾಡಿದೆ.

ಪಾಠ ಸಮುದ್ರದ ಭರತ ಮತ್ತು ಇಳಿತ. ನೀರು ಏಕೆ ಏರುತ್ತದೆ, ಏಕೆ ಇಳಿಯುತ್ತದೆ. ಪುಸ್ತಕದಲ್ಲಿ ಅದು ಚಂದ್ರನಿಂದ ಶುರುವಾಗುತ್ತದಂತೆ. ಗುಲಾಬಿ ಚಂದ್ರನ ಸುದ್ದಿಗೇ ಹೋಗಲಿಲ್ಲ. ಹಲಗೆಯ ಮೇಲೆ ನೀಲಿ ಸೀಮೆಸುಣ್ಣದಲ್ಲಿ ಒಂದು ಹೊಳೆ ಬರೆದಳು, ಅದರ ಬಾಯಿಯಲ್ಲಿ ಸಮುದ್ರ ಬರೆದಳು, ಒಂದು ದೋಣಿ ಬರೆದಳು. ತಿರುಗಿ ನಿಂತು ಕೇಳಿದಳು:

"ಇವತ್ತು ಬೆಳಿಗ್ಗೆ ನೀವು ಶಾಲೆಗೆ ಬರುವಾಗ ಹೊಳೆಯ ನೀರು ಯಾವ ಕಡೆಗೆ ಹೋಗುತ್ತಿತ್ತು?"

ಕೇಳಿ ಸುಮ್ಮನೆ ನಿಂತಳು. ಹೊತ್ತು ಕೊಟ್ಟಳು.

ಮಕ್ಕಳು ಅವಳ ಮುಖ ನೋಡುತ್ತಿದ್ದವು. ಪರೀಕ್ಷಕರು ಪೆನ್ನು ಎತ್ತಿ ಹಿಡಿದಿದ್ದರು. ನಮ್ಮ ಕಡೆ ಒಬ್ಬರು ಮಾತು ಕೇಳಿ ಯಾರೂ ಓಗೊಡದಿದ್ದರೆ ಕೇಳಿದವರಿಗೆ ಅವಮಾನ. ಅಲ್ಲಿರುವ ಹಿರಿಯ ಏನಾದರೊಂದು ಹೇಳಿ ಮಾನ ಉಳಿಸಬೇಕು. ನನ್ನ ಮೊಮ್ಮಗಳು ಕೇಳಿದ್ದಾಳೆ, ಇಷ್ಟು ಜನರಲ್ಲಿ ಒಬ್ಬನೂ ತುಟಿ ಬಿಚ್ಚುತ್ತಿಲ್ಲ! ನನಗೆ ತಡೆಯಲಾಗಲಿಲ್ಲ. ಕಿಟಕಿಯ ಸರಳು ಹಿಡಿದು ಎದ್ದು ನಿಂತೆ.

"ಮ್ಯಾಲಕ್ಕೆ!" ಎಂದು ಕೂಗಿದೆ.

ಕ್ಲಾಸಿಗೆ ಕ್ಲಾಸೇ ನಕ್ಕಿತು. ಪರೀಕ್ಷಕರು ತಿರುಗಿ ನೋಡಿದರು. ಮುಗಿಯಿತು, ವರ್ಷದ ಓದನ್ನು ಒಂದು ಕೂಗಿನಲ್ಲಿ ತೊಳೆದುಬಿಟ್ಟೆ ಎಂದುಕೊಂಡೆ.

ಗುಲಾಬಿಯ ಮುಖ ಕೆಂಪಾಯಿತು. ಆದರೆ ಅವಳು ನನ್ನ ಕಡೆ ಕಣ್ಣು ಬಿಡಲಿಲ್ಲ, ಮಕ್ಕಳನ್ನೂ ಗದರಲಿಲ್ಲ. ನಗು ಇಳಿಯುವವರೆಗೆ ಕಾದು, "ಹೊರಗಿನಿಂದ ಒಂದು ಉತ್ತರ ಬಂತು. ಮೇಲಕ್ಕೆ ಅಂತೆ. ಅದು ಸರಿಯೋ ತಪ್ಪೋ ನೋಡುವ" ಎಂದಳು. ಮತ್ತೆ ಸುಮ್ಮನೆ ನಿಂತಳು. ಆಮೇಲೆ ಹಾಜರಿ ಪುಸ್ತಕ ನೋಡಿ ಹೆಸರು ಹೇಳಿದಳು: "ಲಲಿತಾ."

ಒಂದು ಸಣ್ಣ ಹುಡುಗಿ ಎದ್ದಿತು. ಕಾಲಿಗೆ ಒಣಗಿದ ಕೆಸರು. "ತಪ್ಪ್ ಟೀಚರ್. ಕೆಳಗ್ ಹೋತಿತ್ತ್. ನಮ್ ದೋಣಿ ಕೆಸರಂಗೆ ಕೂಕಂಡಿತ್ತ್, ಎಲ್ರೂ ಇಳ್ದ್ ದೂಡ್ಕಂಡ್ ಬಂದದ್ದ್."

"ಹೌದ್ ಟೀಚರ್, ಹೌದ್ ಟೀಚರ್" ಎಂದು ಕ್ಲಾಸು ಎದ್ದಿತು. ಯಾವಾಗ ದೋಣಿ ತೇಲುತ್ತದೆ, ಯಾವಾಗ ಕೂರುತ್ತದೆ, ನಿನ್ನೆಗಿಂತ ಇವತ್ತು ಎಷ್ಟು ತಡ, ಹುಣ್ಣಿಮೆಗೆ ಹೇಗೆ, ಎಲ್ಲ ಮಕ್ಕಳಿಗೇ ಗೊತ್ತಿತ್ತು. ಅವು ಹೇಳುತ್ತ ಹೋದವು, ಅವಳು ಹಲಗೆಯ ಮೇಲೆ ನೀಲಿಯಲ್ಲಿ ಬರೆಯುತ್ತ ಹೋದಳು. ಚಂದ್ರ ಬರುವ ಹೊತ್ತಿಗೆ ಮಕ್ಕಳೇ ಅವನನ್ನು ಕರೆದು ತಂದಿದ್ದವು. ಪರೀಕ್ಷಕರು ಆಮೇಲೆ ನನ್ನ ಕಡೆ ತಿರುಗಲೇ ಇಲ್ಲ.

ನಾನು ಮತ್ತೆ ಕುರ್ಚಿಯಲ್ಲಿ ಕೂತೆ. ನನ್ನ ಉತ್ತರ ತಪ್ಪಾಗಿತ್ತು, ಕೇಳಿದಿರಾ? ತಲ್ಲೂರಿಗೆ ಬಂದ ಮರುದಿನ ಬೆಳಿಗ್ಗೆ ಹೊಳೆ ಮೇಲಕ್ಕೆ ಹೋಗುವುದನ್ನು ಕಂಡಿದ್ದೆ. ಅದನ್ನೇ ಹೇಳಿಬಿಟ್ಟೆ. ಭರತದ ಹೊತ್ತು ದಿನದಿನವೂ ಹಿಂದೆ ಬೀಳುತ್ತದೆ, ವಾರ ಕಳೆದರೆ ಬೆಳಗಿನ ನೀರು ತಲೆಕೆಳಗಾಗುತ್ತದೆ. ಇದು ಆ ನೀರಿನ ಮಕ್ಕಳೆಲ್ಲರಿಗೂ ಗೊತ್ತು. ಮಂಜಿಯಲ್ಲಿದ್ದಾಗ ನನಗೂ ಗೊತ್ತಿತ್ತು. ಯಾವಾಗ ಮರೆತೆನೋ ತಿಳಿಯದು.

ಹಂಗಾರಕಟ್ಟೆ

ಪಾಠ ಮುಗಿದ ಮೇಲೆ ಗುಲಾಬಿ, "ಅಜ್ಜಯ್ಯ, ನೀವ್ ಮಂಜಿ ಹತ್ತಿದ್ ಜಾಗ ಕಂಡ್ಕಂಡ್ ಹೋಪ" ಎಂದು ಹಂಗಾರಕಟ್ಟೆಗೆ ಕರೆದುಕೊಂಡು ಹೋದಳು. ಬೈಯಲಿಲ್ಲ. ದಾರಿಯಲ್ಲಿ ಎರಡು ಸಲ ತನ್ನಷ್ಟಕ್ಕೆ "ಮ್ಯಾಲಕ್ಕೆ!" ಎಂದು ನಕ್ಕಳು, ಅಷ್ಟೇ.

ದಡದ ಮೇಲೆ ಒಂದು ದೋಣಿ ಕಟ್ಟುತ್ತಿದ್ದರು. ಬರೀ ಪಕ್ಕೆಲುಬು ಎದ್ದು ನಿಂತಿತ್ತು. ಅದರ ನೆರಳಿನಲ್ಲಿ ಕೂತು ನಾನು ಎಲ್ಲ ಹೇಳಿದೆ. ಸಂಘ, ಸಭೆ, ಚಪ್ಪಾಳೆ, ಮೇಲಿನ ಕೋಣೆ, ಸೀಮೆಸುಣ್ಣ ಯಾತಕ್ಕೆ ಎಂಬುದು.

ಅವಳು ಎಲ್ಲ ಕೇಳಿಸಿಕೊಂಡಳು. ಆಮೇಲೆ ಕೇಳತೊಡಗಿದಳು. ಟೀಚರ್ ಕೇಳುವ ಹಾಗೆ.

"ಆ ಕೋಣಿ ಕಿಟ್ಕಿ ಯಾವ್ ಬದಿಗಿತ್ತ್ ಅಜ್ಜಯ್ಯ?"

ನೆನಪಾಗಲಿಲ್ಲ.

"ಮಕ್ಳ್ ಎಂತ ಆಟ ಆಡ್ತೊ?"

ಗೊತ್ತಿಲ್ಲ.

"ಅಲ್ಲಿ ಸಮುದ್ರ ಏರುದ್ ಇಳುದ್ ಅವ್ಕೆ ಕಾಂತಾ?"

ನಮ್ಮ ಕೊಲಂಬೊದ ಸಮುದ್ರ ಏರಿದ್ದು ಇಳಿದದ್ದು ನನಗೇ ಕಾಣುವುದಿಲ್ಲ. ಒಂದೇ ಮಟ್ಟದಲ್ಲಿ ನಿಂತು ದಡಕ್ಕೆ ಬಡಿಯುತ್ತಿರುತ್ತದೆ.

"ಅವ್ಕೆ ಎಂತ ಗೊತ್ತಿತ್ತ್ ಹಾಂಗಾರೆ?"

ನಾನು ಹೊತ್ತು ತೆಗೆದುಕೊಂಡೆ. ಜೀವಮಾನದಲ್ಲೇ ಮೊದಲ ಸಲ. ಎಷ್ಟೋ ವರ್ಷದಿಂದ ನಿಮ್ಮ ಮಕ್ಕಳು ನನ್ನ ಅಂಗಡಿಗೆ ಬರುತ್ತಾರೆ. ಯಾರಿಗೆ ಆಪ್ಪದ ಅಂಚು ಗರಿಗರಿ ಬೇಕು, ಯಾರಿಗೆ ಸಂಬೋಲದ ಚಟ್ನಿ ಖಾರವಾಗುತ್ತದೆ, ಅದೆಲ್ಲ ಹೇಳಬಲ್ಲೆ. ಅದರಾಚೆ ಒಂದು ಮಾತೂ ಹೊಳೆಯಲಿಲ್ಲ. "ಅವು ಎಂತ ತಿಂತೊ ಅಂತ ಮಾತ್ರ ಗೊತ್ತಿತ್ತ್ ಮಗಾ" ಎಂದೆ.

"ಅದೇ ಅಜ್ಜಯ್ಯ ನಂಗೆ ಹೆದ್ರಿಕೆ," ಎಂದಳು. "ನಮ್ಗೆ ಮೊದ್ಲ್ ಕಲ್ಸುದೇ ಅದ್. ಗೊತ್ತಿದ್ದದ್ರಿಂದ ಸುರು ಮಾಡಿ, ಗೊತ್ತಿಲ್ದಲ್ಲಿಗೆ ಕರ್ಕಂಡ್ ಹೋಯ್ಕ್. ಈ ಮಕ್ಳಿಗ್ ಎಂತ ಗೊತ್ತಿತ್ತಂತ ನಂಗೆ ಗೊತ್ತಿತ್ತ್. ಅವ್ರ ಕಾಲಿನ ಕೆಸ್ರ್ ನನ್ ಕಾಲಂಗೂ ಇತ್ತ್. ಅಲ್ಲಿಗ್ ಬಂದ್ರೆ ನಾ ಪುಸ್ತಕದಂಗಿದ್ ಚಂದ್ರನಿಂದ ಸುರು ಮಾಡ್ಕ್."

ಬೈಂದೂರಿನವರು ಕರೆಯುತ್ತಿರುವುದನ್ನು ಅವಳು ಹೇಳಿದಳು. ಅಲ್ಲಿಗೆ ಹೋಗುವ ಆಸೆ ಇದೆ ಎಂದಳು. ಅಲ್ಲಿನ ಚಾ ಅಂಗಡಿಯವನ ಮಾತನ್ನು ನಾನು ಆಗಲೂ ಹೇಳಲಿಲ್ಲ.

"ಹಾಂಗಾರೆ ಬತ್ತಿಲ್ಯಾ?" ಎಂದೆ.

ಅವಳ ಕಣ್ಣು ತುಂಬಿತು. "ಅಮ್ಮಮ್ಮ ಇದ್ದಾಗ ಹೇಳ್ತಿದ್ರ್, ನಿನ್ ಅಜ್ಜಯ್ಯ ನಮ್ಮತ್ರ ಒಂದೂ ಕೇಣ್ಲಿಲ್ಲೆ, ದೂರ ಕೂಕಂಡ್ ದುಡ್ಡ್ ಕಳ್ಸಿದ್ದೇ ಕಳ್ಸಿದ್ದ್ ಅಂತ. ನೀವ್ ನನ್ ಹೆಸ್ರ್ ಹಿಡ್ದ್ ಬಾ ಅಂದ್ರೆ ನಾ ಬತ್ತೆ ಅಜ್ಜಯ್ಯ. ಇಲ್ಲೆ ಅಂಬುಕೆ ನನ್ ಬಾಯಿ ಏಳುದಿಲ್ಲೆ. ನಿಜಕ್ಕೂ ಬತ್ತೆ."

ನೀರು ಆಗ ತಿರುಗಿತ್ತು. ಸಮುದ್ರದಿಂದ ಹೊಳೆಯ ಒಳಗೆ, ಮೇಲಕ್ಕೆ ಹೋಗುತ್ತಿತ್ತು. ಬೆಳಿಗ್ಗೆ ಹೇಳಿದ ತಪ್ಪು ಉತ್ತರ ಸಂಜೆಗೆ ಸರಿಯಾಗಿತ್ತು. ಯಾರೂ ಕೇಳಲಿಲ್ಲ.

ಏಳುವ ಮೊದಲು ಅವಳು ಚೀಲದಿಂದ ಸೀಮೆಸುಣ್ಣದ ಪೆಟ್ಟಿಗೆ ತೆಗೆದು ನನ್ನ ಮಡಿಲಲ್ಲಿಟ್ಟಳು. "ನೀಲಿ ಮುಗ್ದ್ ಹೋಯ್ತ್. ನಂಗ್ ಗೊತ್ತಿರ್ಲಿಲ್ಲೆ ಅಜ್ಜಯ್ಯ, ಗೊತ್ತಿದ್ರೆ ಮುಟ್ತಿರ್ಲಿಲ್ಲೆ." ಪೆಟ್ಟಿಗೆಯಲ್ಲಿ ನೀಲಿ ಏಕಿಲ್ಲ ಎಂದು ನಿಮ್ಮ ಮಕ್ಕಳು ಕೇಳಿದ್ದಕ್ಕೆ ಉತ್ತರ ಇದು. ಅದು ನಮ್ಮೂರ ಹೊಳೆಗೆ ಹೋಯಿತು. ಅವರು ಕಾಡಿಸಲಿ, ನಾನೂ ಈಗ ಅವರನ್ನು ಒಂದೊಂದು ಪ್ರಶ್ನೆ ಕೇಳುತ್ತೇನೆ, ಕೇಳಿ ಸುಮ್ಮನೆ ನಿಲ್ಲುತ್ತೇನೆ. ಆ ಹೊತ್ತಿನಲ್ಲಿ ಅವು "ಇನ್ನೊಂದು ಆಪ್ಪ" ಎನ್ನುತ್ತವೆ.

ಮತ್ತೆ ತಲ್ಲೂರು

ಆ ರಾತ್ರಿ ಚಂದು ಕೋಳಿ ಮಾಡಿದ್ದಳು. ಉದ್ದಿನ ದೋಸೆ, ಕುಚ್ಚಲಕ್ಕಿ ಅನ್ನ, ಬಂಗುಡೆ ಸಾರು. ನಾನು ಹೊರಡುವವನೆಂದು ಒಂದೇ ಊಟಕ್ಕೆ ವರ್ಷದ ಅಡುಗೆಯೆಲ್ಲ ಬಂದಿತ್ತು. ಮಗಳು ಕೂರಲು ಒಪ್ಪದಿದ್ದಾಗ, "ಇವತ್ ಎಲ್ರೂ ಒಟ್ಟಿಗೇ" ಎಂದು ನಾನೇ ಕೈ ಹಿಡಿದು ಕೂರಿಸಿದೆ. ಸಾಲಾಗಿ ಎಲೆ ಹಾಕಿದರು. ನಾನು, ಶೀನ, ಗುಲಾಬಿ, ಚಂದು. ಬಡಿಸಿದ್ದೂ ಆಯಿತು.

"ಪಾಠದಂಗೆ ಎಂತಾಯ್ತಂಬ್ರ್, ಮಾವ?" ಎಂದು ಶೀನ ನಗುತ್ತ ಕೇಳಿದ. ಅವನ ಕಿವಿಗೆ ಆಗಲೇ ಬಿದ್ದಿತ್ತು. "ಊರಿಗೆಲ್ಲ ಕೇಂಬಂಗೆ ಉತ್ರ ಕೊಟ್ರಂಬ್ರಲೆ!"

"ಮಾರ್ಕ್ ನಂಗೂ ಅರ್ಧ ಬತ್ತ್, ಕಾಣ್" ಎಂದೆ. ಎಲ್ಲರೂ ನಕ್ಕರು.

ನಮ್ಮ ಮನೆಯಲ್ಲಿ ಹಿರಿಯರು ಮೊದಲ ತುತ್ತು ಎತ್ತದೆ ಯಾರೂ ಅನ್ನ ಮುಟ್ಟುವುದಿಲ್ಲ. ಮೂವರೂ ನನ್ನ ಕೈ ನೋಡುತ್ತಿದ್ದರು. ನಾನು ಎತ್ತಲಿಲ್ಲ.

"ನಾಳೆ ನಾ ಹೊರ್ಟೆ," ಎಂದೆ. "ಈ ಮನಿಯಿಂದ ಕೊಲಂಬೊಕೆ ನನ್ನೊಟ್ಟಿಗೆ ಯಾರ್ ಬತ್ರಿ?"

ಕೇಳಿ ಸುಮ್ಮನೆ ಕೂತೆ. ಹೊತ್ತು ಕೊಟ್ಟೆ. ಈ ಸಲ ನನಗೆ ಅದು ಬಂತು.

ಶೀನನ ನಗು ನಿಂತಿತು. ಚಂದು ಮಗಳ ಕಡೆ ನೋಡಿ, ನನ್ನ ಕಡೆ ನೋಡಿ, ಎಲೆಯ ತುದಿಯನ್ನು ಸುಮ್ಮನೆ ಮಡಚತೊಡಗಿದಳು. ಅವಳಿಗೆ ಯಾರೂ ಏನೂ ಹೇಳಿರಲಿಲ್ಲ, ತಾಯಿಗೆ ಹೇಳಬೇಕೇ? ಗುಲಾಬಿ ಮಾತ್ರ ತಲೆ ತಗ್ಗಿಸಲಿಲ್ಲ. ಬೆನ್ನು ನೆಟ್ಟಗೆ ಮಾಡಿ, ಹೆಸರಿಗಾಗಿ ಕಾಯುವ ಮಗುವಿನ ಹಾಗೆ ನನ್ನನ್ನೇ ನೋಡುತ್ತ ಕೂತಿದ್ದಳು. ಅವಳ ಉಗುರಿನ ಸಂದಿಯಲ್ಲಿ ನೀಲಿ ಹಾಗೇ ಇತ್ತು.

ನೀವೆಲ್ಲ ಆಗ ನನ್ನ ಕಣ್ಣ ಮುಂದೆ ಬಂದಿರಿ. ನಿಮ್ಮ ಚಪ್ಪಾಳೆ ಕೇಳಿಸಿತು. ಮೇಲಿನ ಕೋಣೆ, ಸಂಜೆ ಅಂಗಡಿ ಮುಚ್ಚಿದ ಮೇಲೆ ಮೆಟ್ಟಿಲಿಳಿದು ಬಂದು "ಅಜ್ಜಯ್ಯ, ಊಟಕ್ಕೆ ಬನಿ" ಎನ್ನುವ ಒಂದು ಸ್ವರ, ಎಲ್ಲ ಬಂತು. ಒಂದು ಹೆಸರು ಹೇಳಿದ್ದರೆ ಅದೆಲ್ಲ ನಿಮ್ಮದೂ ನನ್ನದೂ ಆಗುತ್ತಿತ್ತು. ಅದು ನಾಲಿಗೆಯ ತುದಿಯಲ್ಲೇ ಇತ್ತು. ಇವತ್ತಿಗೂ ಅಲ್ಲೇ ಇದೆ.

ಹೆಸರು ಹೇಳಲಿಲ್ಲ. ಅನ್ನಕ್ಕೆ ಸಾರು ಕಲಸಿ ತುತ್ತು ಎತ್ತಿದೆ. ಎಲ್ಲರೂ ಉಂಡರು.